ಮಕ್ಕಳ ಪಾಟಿಯೂ ತಂದೆತಾಯಿಗಳ ಭಯವೂ

(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಮಾಡಲಾದ ಉಪನ್ಯಾಸ)



ಕನ್ನಡ ನಾಡಿನಲ್ಲಿ ಮಠವೆಂಬ ಶಬ್ದಕ್ಕೆ ಒಂದು ಕಾಲದಲ್ಲಿ ಶಾಲೆಯೆಂಬ ಅರ್ಥವೂ ಇದ್ದಿತು. ಹಳ್ಳಿಯ ಹಿರಿಯರು ‘ಹುಡುಗನನ್ನು ಮಠಕ್ಕೆ ಹಾಕಿದೆವು’ ಎಂದರೆ, ಅವನು ಓದುಬರಹಕ್ಕೆ ತೊಡಗಿದನೆಂದೇ ಕೇಳಿದವರು ತಿಳಿಯುತ್ತಿದ್ದರು. ಕೂಲಿಮಠ, ಐಗಳ ಮಠ, ಗಾವಠಿ ಶಾಲೆ ಎಂದು ಸೀಮೆಸೀಮೆಗೆ ಹೆಸರು ಬೇರೆಯಾದರೂ ಕೆಲಸವು ಒಂದೇ. ಆದುದರಿಂದ ಮಠದ ಮಹೋತ್ಸವದಲ್ಲಿ ಶಾಲೆಯ ಮಾತನ್ನೆತ್ತುವುದು ಅಪ್ರಸ್ತುತವಾಗಲಾರದು. ಆದರೆ ಈ ಹೊತ್ತಿನ ವಿಷಯವು ಮಕ್ಕಳ ವಿದ್ಯಾಭ್ಯಾಸವಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳ ಅಂತಃಕರಣವು. ತಾವು ಬಾಲ್ಯದಲ್ಲಿ ಶಾಲೆಯಲ್ಲಿ ಪಟ್ಟ ಭಯ, ನಾಚಿಕೆ, ನಿರಾಶೆಗಳನ್ನು ಅವರು ತಮಗೇ ತಿಳಿಯದಂತೆ ಮಕ್ಕಳ ಮೇಲೆ ಹೊರಿಸುವ ಒಂದು ರೋಗವುಂಟು. ವೈದ್ಯಶಾಸ್ತ್ರದಲ್ಲಿ ರೋಗ, ರೋಗದ ಕಾರಣ, ಆರೋಗ್ಯ, ಔಷಧ ಎಂದು ನಾಲ್ಕು ವಿಧವಾಗಿ ವಿಚಾರಿಸುವ ಪದ್ಧತಿಯಿದೆ. ಇಲ್ಲಿಯೂ ಆ ಕ್ರಮವನ್ನೇ ಅನುಸರಿಸಬಹುದು.

ಮೊದಲು ರೋಗದ ಸ್ವರೂಪವು. ಜೂನ್ ತಿಂಗಳ ಒಂದು ಬೆಳಗನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮುಂಗಾರು ಮಳೆಯು ಹಿಡಿದಿದೆ, ಶಾಲೆಯು ಆರಂಭವಾಗಿದೆ. ಒಂದು ಮನೆಯಲ್ಲಿ ಎಂಟು ವರುಷದ ಹುಡುಗನು ರೊಟ್ಟಿಯ ತಟ್ಟೆಯ ಮುಂದೆ ಕುಳಿತಿದ್ದಾನೆ. ತಂದೆಯು ಅವನ ಪುಸ್ತಕದ ಚೀಲವನ್ನು ಮೂರು ಸಾರಿ ಬಿಚ್ಚಿ ಮೂರು ಸಾರಿ ಕಟ್ಟಿದ್ದಾನೆ. ‘ಏಳೆಂಟಲಿ ಎಷ್ಟು?’ ಎಂದು ನಿಂತಲ್ಲಿಂದಲೇ ಕೇಳುತ್ತಾನೆ. ಹುಡುಗನು ತಂದೆಯ ಮುಖವನ್ನು ನೋಡುತ್ತಾನೆ, ಉಗುಳು ನುಂಗುತ್ತಾನೆ, ‘ಐವತ್ತನಾಲ್ಕು’ ಎನ್ನುತ್ತಾನೆ. ತಂದೆಯ ಕೈಯು ತಾನಾಗಿಯೇ ಮೇಲೇಳುತ್ತದೆ. ಅಷ್ಟರಲ್ಲಿ ಹುಡುಗನಿಗೆ ಹೊಟ್ಟೆನೋವು ಬರುತ್ತದೆ. ತಾಯಿಯು ಜೀರಿಗೆಯ ಕಷಾಯವನ್ನು ಕಾಸಲು ಒಳಕ್ಕೆ ಹೋಗುತ್ತಾಳೆ. ಇದು ಯಾವ ಊರಿನ, ಯಾರ ಮನೆಯ ಸಂಗತಿಯೆಂದು ಕೇಳಬೇಕಾದುದಿಲ್ಲ. ಈ ಸಭೆಯಲ್ಲಿ ಕುಳಿತವರಲ್ಲಿ ಅನೇಕರು ಆ ಮನೆಯನ್ನು ಹೊರಗಿನಿಂದಲ್ಲ, ಒಳಗಿನಿಂದಲೇ ಬಲ್ಲರು.

ಇಲ್ಲಿ ಒಂದು ಆಶ್ಚರ್ಯವುಂಟು. ಹುಡುಗನು ಮಗ್ಗಿಯಲ್ಲಿ ತಪ್ಪಿದನು, ನಿಜ. ಆದರೆ ಎರಡು ಅಂಕಿಯ ತಪ್ಪಿಗೆ ನಲವತ್ತು ವರುಷದ ಗೃಹಸ್ಥನ ಎದೆಯು ಡವಗುಟ್ಟುವುದೇಕೆ? ಅವನ ಅಂಗೈ ಬೆವರುವುದೇಕೆ? ವ್ಯಾಪಾರದಲ್ಲಿ ಸಾವಿರಾರು ರೂಪಾಯಿಗಳ ನಷ್ಟವಾದಾಗಲೂ ಕೆಡದ ಅವನ ಧೈರ್ಯವು, ಒಂದು ಬಳಪದ ಗೀಟಿನ ಮುಂದೆ ಕೆಡುವುದೇಕೆ? ಕಾರ್ಯವು ಸಣ್ಣದಾಗಿ ಕ್ಷೋಭೆಯು ದೊಡ್ಡದಾಗಿದ್ದಲ್ಲಿ, ಆ ಕ್ಷೋಭೆಯ ಕಾರಣವು ಎದುರಿನಲ್ಲಿಲ್ಲ, ಬೇರೆ ಎಲ್ಲಿಯೋ ಇದೆಯೆಂದು ಊಹಿಸತಕ್ಕದ್ದು.

ಆ ಕಾರಣವನ್ನು ಹುಡುಕುವುದಕ್ಕಾಗಿ ಹಿಂದಿನ ಶಾಲೆಗೆ ಹೋಗಬೇಕು. ಹಳೆಯ ಐಗಳ ಮಠಗಳಲ್ಲಿ ಮಗುವು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದಿತು. ಸಂಜೆಗೆ ಮಕ್ಕಳೆಲ್ಲರೂ ಸಾಲಾಗಿ ನಿಂತು ಮಗ್ಗಿಯನ್ನು ರಾಗವಾಗಿ ಹೇಳುತ್ತಿದ್ದರು. ಕಾಲು, ಅರೆ, ಮುಕ್ಕಾಲುಗಳ ಲೆಕ್ಕವೂ ಬಾಯಿಪಾಠವಾಗಿಯೇ ಬರುತ್ತಿದ್ದಿತು. ಮಹಾನವಮಿಯಲ್ಲಿ ಐಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಯ ಮುಂದೆ ಚೌಪದಗಳನ್ನು ಹಾಡಿಸಿ ಕಾಣಿಕೆಯನ್ನು ಪಡೆಯುತ್ತಿದ್ದರು. ಇವೆಲ್ಲವೂ ಸವಿಯಾದ ನೆನಪುಗಳು. ಆದರೆ ಅದೇ ಮಠದಲ್ಲಿ ಬೆತ್ತವಿದ್ದಿತು, ಬಸ್ಕಿಯಿದ್ದಿತು, ತೊಲೆಗೆ ಹಗ್ಗ ಕಟ್ಟಿ ಹುಡುಗನನ್ನು ಜೋಲಾಡಿಸುವ ಕೋದಂಡವೂ ಇದ್ದಿತು. ಕೋದಂಡವೆಂಬುದು ಶ್ರೀರಾಮನ ಬಿಲ್ಲಿನ ಹೆಸರು. ಅದು ಹಸುಳೆಗಳ ಶಿಕ್ಷೆಗೆ ಹೆಸರಾದುದನ್ನು ನೋಡಿದರೆ ಆ ಕಾಲದ ಭಯದ ಅಳತೆಯು ತಿಳಿಯುತ್ತದೆ. ಮುಂದೆ ಸರಕಾರದ ಶಾಲೆಗಳು ಬಂದವು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮುಲ್ಕಿ ಪರೀಕ್ಷೆ, ಮೈಸೂರು ಸಂಸ್ಥಾನದಲ್ಲಿ ಲೋವರ್ ಸೆಕೆಂಡರಿ ಪರೀಕ್ಷೆ, ಅನಂತರ ಎಲ್ಲ ಕಡೆಗೂ ಎಸ್.ಎಸ್.ಎಲ್.ಸಿ. ಹೀಗೆ ಪರೀಕ್ಷೆಗಳ ಹೆಸರು ಬದಲಾಯಿತು. ಕೋದಂಡವು ಹೋಗಿ ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷೆಯು ಬಂದಿತು. ಭಯವು ಮಾತ್ರ ಒಂದು ತಲೆಮಾರಿನ ಕೈಯಿಂದ ಇನ್ನೊಂದು ತಲೆಮಾರಿನ ಕೈಗೆ, ಹೊಲಮನೆಗಳಂತೆ, ದಾಟುತ್ತ ಬಂದಿತು. ಹೊಲಕ್ಕೆ ಖಾತೆಯುಂಟು, ಭಯಕ್ಕೆ ಖಾತೆಯಿಲ್ಲ, ಇಷ್ಟೇ ಭೇದ.

ಇಂದು ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವ ತಂದೆತಾಯಿಗಳ ಎದೆಯಲ್ಲಿ ಈ ಭಯವು ನಾಲ್ಕು ರೂಪಗಳಿಂದ ನೆಲೆಸಿರುವುದು ಕಂಡುಬರುತ್ತದೆ.

ಮೊದಲನೆಯದು, ಪೆಟ್ಟು ತಿಂದವನ ಮತ್ತು ಅನುತ್ತೀರ್ಣನಾದವನ ಭಯವು. ಪರೀಕ್ಷೆಯ ಫಲವು ವೃತ್ತಪತ್ರಿಕೆಯಲ್ಲಿ ಸಂಖ್ಯೆಗಳ ಸಾಲಾಗಿ ಅಚ್ಚಾಗುತ್ತಿದ್ದ ಕಾಲದಲ್ಲಿ, ಚಹದ ಅಂಗಡಿಯ ಮುಂದೆ ನಿಂತು ತನ್ನ ಸಂಖ್ಯೆಯನ್ನು ಹುಡುಕಿ, ಅದರ ಹಿಂದಿನ ಸಂಖ್ಯೆಯನ್ನೂ ಮುಂದಿನ ಸಂಖ್ಯೆಯನ್ನೂ ಕಂಡು, ತನ್ನದನ್ನು ಕಾಣದೆ ಹೋದವನು ಅದನ್ನು ಮರೆತನೆಂದು ಹೇಳುತ್ತಾನೆ. ಅವನ ಮೈಯು ಮರೆತಿರುವುದಿಲ್ಲ. ಎರಡನೆಯದು, ಓದು ನಡುವಿನಲ್ಲಿಯೇ ಕಡಿದುಹೋದವಳ ಭಯವು. ನಾಲ್ಕನೆಯ ಇಯತ್ತೆ ಮುಗಿದ ಕೂಡಲೆ ತಮ್ಮನನ್ನು ಎತ್ತಿಕೊಳ್ಳುವುದಕ್ಕಾಗಿ ಶಾಲೆಯನ್ನು ಬಿಡಿಸಲ್ಪಟ್ಟ ತಾಯಿಯು ಬೆತ್ತಕ್ಕೆ ಹೆದರುವುದಿಲ್ಲ; ಬಾಗಿಲು ಮುಚ್ಚೀತೆಂದು ಹೆದರುತ್ತಾಳೆ. ಮಗಳು ಒಂದು ದಿನ ಜ್ವರದಿಂದ ಶಾಲೆಯನ್ನು ತಪ್ಪಿಸಿಕೊಂಡರೂ ಆಕೆಗೆ ಆ ಬಾಗಿಲಿನ ಸದ್ದೇ ಕೇಳಿಸುತ್ತದೆ. ಮೂರನೆಯದು, ಇಂಗ್ಲೀಷಿನ ನಾಚಿಕೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಚೆನ್ನಾಗಿ ಓದಿ ಪಟ್ಟಣದ ಕಾಲೇಜಿಗೆ ಹೋದವನು, ಅಲ್ಲಿ ಎದ್ದುನಿಂತು ಉತ್ತರ ಹೇಳಲಾರದೆ, ಉತ್ತರ ತಿಳಿದಿದ್ದರೂ ಮೂಕನಾಗಿ ಕುಳಿತವನು. ಅಂಥವನು ಮನೆಯಲ್ಲಿ ಮಗುವು ಕನ್ನಡದಲ್ಲಿ ಮುದ್ದುಮಾತನ್ನಾಡಿದರೂ ಕಳವಳಗೊಳ್ಳುತ್ತಾನೆ. ನಾಲ್ಕನೆಯದು ವಿಚಿತ್ರವಾದುದು, ಅದು ಮೊದಲನೆಯ ಸ್ಥಾನ ಬಂದವನ ಭಯವು. ತಾನು ಪ್ರೀತಿಗೆ ಪಾತ್ರನಾದುದು ಅಂಕಗಳಿಂದಲೇ ಎಂದು ಬಾಲ್ಯದಲ್ಲಿ ಅರಿತವನು, ಮಗನ ಅಂಕಗಳು ಇಳಿದ ದಿನ ತನ್ನ ಮನೆಯ ಅಡಿಗಲ್ಲೇ ಇಳಿಯಿತೆಂದು ಭಾವಿಸುತ್ತಾನೆ. ಆದುದರಿಂದ ಇದು ಸೋತವರ ರೋಗ ಮಾತ್ರವಲ್ಲ, ಗೆದ್ದವರ ರೋಗವೂ ಅಹುದು.

ಇನ್ನು ಕಾರಣದ ವಿಚಾರವು. ತರ್ಕಶಾಸ್ತ್ರದಲ್ಲಿ ಅನುಭವವು ಮನಸ್ಸಿನಲ್ಲಿ ಉಳಿಸಿಹೋಗುವ ಅಚ್ಚಿಗೆ ಸಂಸ್ಕಾರವೆಂದು ಹೆಸರು. ಸಂಸ್ಕಾರ ಮಾತ್ರದಿಂದ ಹುಟ್ಟುವ ಜ್ಞಾನವು ಸ್ಮೃತಿಯು. ಎದುರಿನಲ್ಲಿರುವ ವಸ್ತುವನ್ನು ಕಣ್ಣಿನಿಂದ ಕಾಣುತ್ತಲೇ, ಹಿಂದಿನ ಸಂಸ್ಕಾರವೂ ಅದರೊಡನೆ ಕೂಡಿ, ‘ಅವನೇ ಇವನು’ ಎಂದು ಗುರುತಿಸುವ ಜ್ಞಾನಕ್ಕೆ ಪ್ರತ್ಯಭಿಜ್ಞೆಯೆಂದು ಹೆಸರು. ಹಿಂದೆ ಕಂಡ ದೇವದತ್ತನನ್ನು ಮತ್ತೆ ಕಂಡು ‘ಸೋಽಯಂ’ ಎನ್ನುವುದು ಇದರ ಪ್ರಸಿದ್ಧವಾದ ಉದಾಹರಣೆಯು. ಸರಿಯಾದ ಸ್ಥಳದಲ್ಲಿ ಇದು ಯಥಾರ್ಥ ಜ್ಞಾನವೇ. ಆದರೆ ತಂದೆಯು ಪಾಟಿಯ ಮುಂದೆ ಕುಳಿತ ಮಗನನ್ನು ಕಂಡು, ಒಳಗಿನಿಂದ ಎದ್ದ ಸಂಸ್ಕಾರದ ಬಲದಿಂದ, ‘ಅವನೇ ಇವನು, ಅಂದು ಬೆಂಚಿನ ಮೇಲೆ ನಿಂತವನೇ ಇಂದು ಇಲ್ಲಿ ಕುಳಿತಿದ್ದಾನೆ’ ಎಂದು ಗುರುತಿಸಿದರೆ, ಅದು ಭ್ರಮೆಯಾಗುತ್ತದೆ. ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ಕಂಡವನ ಸ್ಥಿತಿಯು ಇಂತಹದೇ. ಹಾವು ಸುಳ್ಳು, ಆದರೆ ಬೆವರು ನಿಜ, ಕಿರುಚಾಟವೂ ನಿಜ. ಹಗ್ಗದ ಉದಾಹರಣೆಗಿಂತಲೂ ಇದು ಹೆಚ್ಚು ಕ್ರೂರವಾದುದು. ಏಕೆಂದರೆ ಹಾವೆಂದು ಭ್ರಮಿಸಿ ಹೊಡೆದರೆ ಹಗ್ಗಕ್ಕೆ ನೋಯುವುದಿಲ್ಲ, ಮಗುವಿಗೆ ನೋಯುತ್ತದೆ.

ಪಾಶ್ಚಾತ್ಯ ಪಂಡಿತರೂ ಬೇರೆ ದಾರಿಯಿಂದ ಇದೇ ಸ್ಥಳಕ್ಕೆ ಬಂದು ಮುಟ್ಟಿದ್ದಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಎಷ್ಟೋ ವರುಷಗಳಾದ ಮೇಲೆಯೂ, ಪ್ರಶ್ನಪತ್ರಿಕೆಯ ಮುಂದೆ ಏನೂ ತೋಚದೆ ಕುಳಿತಂತೆ ಕನಸು ಬೀಳುವುದು ಬಹುಜನರ ಅನುಭವವು. ವಿಯೆನ್ನಾ ನಗರದ ವೈದ್ಯನಾದ ಸಿಗ್ಮಂಡ್ ಫ್ರಾಯ್ಡನು ತನ್ನ ಸ್ವಪ್ನವಿಚಾರದ ಗ್ರಂಥದಲ್ಲಿ (ಅದರ ಮೊದಲ ಮುದ್ರಣವು 1900ನೆಯ ಇಸವಿಯದು) ಈ ಪರೀಕ್ಷೆಯ ಕನಸನ್ನು ವಿಚಾರಿಸಿದ್ದಾನೆ. ಮರುದಿನ ಹೊಣೆಯ ಕೆಲಸವೊಂದು ಎದುರಿಗಿದ್ದಾಗ ಇಂತಹ ಕನಸು ಬೀಳುವುದೆಂದು ಅವನ ಮತವು. ಮಕ್ಕಳನ್ನು ಬೆಳೆಸುವುದಕ್ಕಿಂತ ಹೊಣೆಯ ಕೆಲಸವು ಗೃಹಸ್ಥನಿಗೆ ಬೇರೆ ಯಾವುದಿದೆ? ಆದುದರಿಂದ ರಾತ್ರಿಯ ಕನಸು ಹಗಲಿಗೂ ಮುಂದುವರಿಯುತ್ತದೆ. 1975ರಲ್ಲಿ ಅಮೆರಿಕೆಯ ಸೆಲ್ಮಾ ಫ್ರೈಬರ್ಗ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ ತಾಯಿ ಮಕ್ಕಳ ಸಂಬಂಧವನ್ನು ಕುರಿತು ಬರೆದ ಲೇಖನವೊಂದರಲ್ಲಿ, ತಂದೆತಾಯಿಗಳ ಗತಕಾಲದಿಂದ ಬಂದು ಮಗುವಿನ ಕೋಣೆಯಲ್ಲಿ ಕಾಡುವ ಭೂತಗಳನ್ನು ವರ್ಣಿಸಿದರು. ಅವರು ಕಂಡ ಸೂಕ್ಷ್ಮವು ನೆನಪಿನಲ್ಲಿಡತಕ್ಕದ್ದು. ತಾವು ಬಾಲ್ಯದಲ್ಲಿ ಪಟ್ಟ ನೋವನ್ನು ನೋವಾಗಿಯೇ ನೆನೆಯಬಲ್ಲವರು ಅದನ್ನು ಮಕ್ಕಳಿಗೆ ಕೊಡದೆ ತಡೆಯಬಲ್ಲರು. ಸಂಗತಿಯನ್ನು ಮಾತ್ರ ನೆನೆದು ಅದರ ನೋವನ್ನು ಮರೆತವರು ಅದನ್ನೇ ಮತ್ತೆ ನಡೆಸುವರು. ಇನ್ನು 2015ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಒಂದನೆಯ ಮತ್ತು ಎರಡನೆಯ ತರಗತಿಗಳ ಮಕ್ಕಳನ್ನು ಪರಿಶೀಲಿಸಿ ಪ್ರಕಟಿಸಿದ ವಿಷಯವು ಮೇಲೆ ಹೇಳಿದ ಮಗ್ಗಿಯ ಪ್ರಸಂಗಕ್ಕೆ ನೇರವಾಗಿ ಸಲ್ಲುತ್ತದೆ. ಗಣಿತಕ್ಕೆ ಅಂಜುವ ತಂದೆತಾಯಿಗಳು ಮನೆಪಾಠದಲ್ಲಿ ಪದೇಪದೇ ಕೈಹಾಕಿದಲ್ಲಿ ಆ ವರುಷ ಮಗುವಿನ ಗಣಿತವು ಹಿಂದೆಬಿದ್ದಿತು, ಗಣಿತದ ಅಂಜಿಕೆಯೂ ಹೆಚ್ಚಿತು. ಅದೇ ಅಂಜಿಕೆಯುಳ್ಳವರು ಅಷ್ಟಾಗಿ ಕೈಹಾಕದ ಮನೆಗಳಲ್ಲಿ ಈ ಕೇಡು ಕಾಣಲಿಲ್ಲ. ಸಹಾಯವೇ ಅಪಾಯವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕಿಲ್ಲ.

ಹಾಗಾದರೆ ಭಯವು ಮಗುವಿನದೋ ತಂದೆಯದೋ ಎಂದು ಮನೆಯಲ್ಲಿಯೇ ನಿರ್ಣಯಿಸುವ ಬಗೆ ಯಾವುದು? ಶಾಸ್ತ್ರವು ಅದಕ್ಕೂ ಒಂದು ಉಪಾಯವನ್ನು ಕೊಟ್ಟಿದೆ. ಒಂದು ಇದ್ದಲ್ಲಿ ಇನ್ನೊಂದು ಇರುವುದು ಅನ್ವಯವು. ಅದು ಇಲ್ಲದಲ್ಲಿ ಇದೂ ಇಲ್ಲದಿರುವುದು ವ್ಯತಿರೇಕವು. ಇವೆರಡೂ ಕೂಡಿದಲ್ಲಿ ಕಾರಣವು ನಿಶ್ಚಿತವಾಗುತ್ತದೆ. ತಂದೆಯು ಎದುರಿಗೆ ನಿಂತು ಕೇಳಿದಾಗ ಮಗುವು ಏಳರ ಮಗ್ಗಿಯಲ್ಲಿ ತೊದಲುತ್ತದೆ. ಅದೇ ಮಗುವು ಅಜ್ಜಿಯ ಬಳಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತ ಏಳರ ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸುತ್ತದೆ. ಹೀಗಾದರೆ ತಡೆಯು ಮಗ್ಗಿಯಲ್ಲಿ ಇಲ್ಲವೆಂದೂ, ಎದುರಿಗೆ ನಿಂತವರಲ್ಲಿ ಇದೆಯೆಂದೂ ಸಿದ್ಧವಾಯಿತು. ಅಜ್ಜಿಯ ಹತ್ತಿರವೂ ಬಾರದಿದ್ದರೆ ಮಗುವಿಗೆ ನಿಜವಾಗಿಯೂ ಪಾಠವು ತಿಳಿದಿಲ್ಲ. ಆಗ ಬೇಕಾದುದು ಬೋಧನೆ, ಬೆತ್ತವಲ್ಲ. ಎರಡು ಪಕ್ಷಗಳಲ್ಲಿಯೂ ಮೇಲೆತ್ತಿದ ಕೈಗೆ ಕೆಲಸವಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜವು. ‘ಹಿಂದಿನವರು ಪೆಟ್ಟು ತಿಂದೇ ಮನುಷ್ಯರಾದರು, ಭಯವಿಲ್ಲದೆ ವಿದ್ಯೆಯು ಬಾರದು’ ಎಂದು ಅನೇಕ ಹಿರಿಯರು ಹೇಳುವುದುಂಟು. ಅವರ ಮಾತನ್ನು ತಿರಸ್ಕಾರದಿಂದ ತಳ್ಳಿಹಾಕಬಾರದು. ಅವರು ಕಷ್ಟದಿಂದ ಕಲಿತವರು, ತಮ್ಮ ಐಗಳನ್ನು ಇಂದಿಗೂ ಕೈಮುಗಿದು ನೆನೆಯುವವರು. ಆದರೆ ಸಾಕ್ಷಿಗಳನ್ನು ಎಣಿಸುವಾಗ ಒಂದು ಎಚ್ಚರವು ಬೇಕು. ಪೆಟ್ಟು ತಿಂದು ಓದಿ ಮುಂದೆ ಬಂದವರು ಸಭೆಗಳಲ್ಲಿ ಮಾತನಾಡುತ್ತಾರೆ. ಪೆಟ್ಟಿಗೆ ಅಂಜಿ ಶಾಲೆಯನ್ನು ಬಿಟ್ಟು ದನಗಳ ಹಿಂದೆ ಹೋದವರು, ಅಂಚೆಯ ಕಾಗದವನ್ನು ಪರರಿಂದ ಓದಿಸಿಕೊಂಡು ಬಾಳನ್ನು ಸಾಗಿಸಿದವರು, ಸಭೆಯಲ್ಲಿ ಎದ್ದುನಿಂತು ಸಾಕ್ಷಿ ಹೇಳುವುದಿಲ್ಲ. ಅವರ ಮೌನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲದೆ, ಬರಗಾಲದಲ್ಲಿ ಬೆಳೆದ ಜೋಳವು ಬರದಿಂದ ಬೆಳೆಯಿತೆಂದು ಯಾವ ಒಕ್ಕಲಿಗನೂ ಹೇಳನು. ಬರವಿದ್ದರೂ ಬೆಳೆಯಿತೆಂದು ಹೇಳುವನು.

ಇದರ ಎದುರಿನ ಅತಿಯೂ ಒಂದುಂಟು. ತನಗೆ ಪೆಟ್ಟು ಬಿದ್ದಿತೆಂಬ ಕಾರಣದಿಂದ ಮಗುವಿಗೆ ಗಾಳಿಯೂ ತಾಗಬಾರದೆಂದು ಎಣಿಸುವ ತಂದೆತಾಯಿಗಳು ಈಗ ಕಡಿಮೆಯಿಲ್ಲ. ಮಗುವು ‘ಹೋಗಲಾರೆ’ ಎಂದ ದಿನ ಶಾಲೆಯನ್ನು ಬಿಡಿಸುವರು. ಬರೆಯಲಾರದಿದ್ದರೆ ತಾವೇ ಬರೆದುಕೊಡುವರು. ಗುರುವು ಒಂದು ಮಾತು ಗದರಿಸಿದರೆ ಶಾಲೆಗೆ ಧಾವಿಸುವರು. ಹೊರಗೆ ಇದು ಪ್ರೀತಿಯಂತೆ ಕಂಡರೂ ಒಳಗೆ ಅದೇ ಭ್ರಮೆಯು. ಅಲ್ಲಿಯೂ ತಂದೆಯು ಮಗನನ್ನು ಕಾಣುತ್ತಿಲ್ಲ, ತನ್ನನ್ನೇ ಕಾಣುತ್ತಿದ್ದಾನೆ. ಮೊದಲನೆಯವನು ತನ್ನ ಬಾಲ್ಯವನ್ನು ಹೊಡೆದು ತಿದ್ದಲೆಳಸುತ್ತಾನೆ, ಎರಡನೆಯವನು ತನ್ನ ಬಾಲ್ಯವನ್ನು ಮುದ್ದಿಸಿ ಸಂತೈಸಲೆಳಸುತ್ತಾನೆ. ಎರಡು ಮನೆಗಳಲ್ಲಿಯೂ ಮಗುವೆಂಬ ಬೇರೆ ಜೀವವೊಂದು ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ಕುಳಿತಿರುತ್ತದೆ.

ಮಗುವು ಬೇರೆಯೇ ಆದ ಜೀವವೆಂಬುದನ್ನು ಶಿವಭಕ್ತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ತಂದೆಯ ಇಷ್ಟಲಿಂಗವು ತಂದೆಯ ಅಂಗದ ಮೇಲೆ, ಮಗನದು ಮಗನ ಅಂಗದ ಮೇಲೆ. ಒಬ್ಬರ ಲಿಂಗಪೂಜೆಯನ್ನು ಇನ್ನೊಬ್ಬರು ಮಾಡಿ ಮುಗಿಸುವುದೆಂಬುದಿಲ್ಲ. ಎಷ್ಟು ಪ್ರೀತಿಯಿದ್ದರೂ ತಂದೆಯು ಮಗನ ಪಾಲಿನ ಪೂಜೆಯನ್ನು ಮಾಡಲಾರನು, ಮಗನು ತಂದೆಯ ಪಾಲಿನದನ್ನು ಮಾಡಲಾರನು. ಹಸುಳೆಯ ಕೊರಳಿಗೆ ಲಿಂಗವನ್ನು ಕಟ್ಟಿದ ದಿನವೇ, ಈ ಜೀವಕ್ಕೆ ತನ್ನದೇ ಆದ ದಾರಿಯುಂಟೆಂದು ಮನೆಯವರೆಲ್ಲರೂ ಒಪ್ಪಿದಂತಾಯಿತು. ಹೀಗಿರಲು, ಪೂಜೆಯಲ್ಲಿ ಬೇರೆಯೆಂದು ಒಪ್ಪಿದ ಜೀವವನ್ನು ಪಾಠದಲ್ಲಿ ತನ್ನದೇ ನೆರಳೆಂದು ತಿಳಿಯುವುದು ಯಾವ ನ್ಯಾಯವು?

ಇನ್ನೊಂದು ವಿಷಯವನ್ನು ಭಕ್ತರು ಶಾಂತಚಿತ್ತದಿಂದ ಆಲೋಚಿಸಬೇಕು. ದೀಕ್ಷೆಯು ಮೂರು ವಿಧವು: ವೇಧಾ, ಮಂತ್ರ, ಕ್ರಿಯಾ ಎಂದು. ವೇಧಾದೀಕ್ಷೆಯಲ್ಲಿ ಗುರುವು ಶಿಷ್ಯನ ತಲೆಯ ಮೇಲೆ ಹಸ್ತವನ್ನಿಡುತ್ತಾನೆ. ಮಂತ್ರದೀಕ್ಷೆಯಲ್ಲಿ ಕಿವಿಯಲ್ಲಿ ಮಂತ್ರವನ್ನು ಉಪದೇಶಿಸುತ್ತಾನೆ. ಕ್ರಿಯಾದೀಕ್ಷೆಯಲ್ಲಿ ಅಂಗೈಯಲ್ಲಿ ಲಿಂಗವನ್ನು ಅನುಗ್ರಹಿಸುತ್ತಾನೆ. ತಲೆ, ಕಿವಿ, ಅಂಗೈ ಈ ಮೂರೂ ಗುರುವಿನ ಕರುಣೆಯು ಶಿಷ್ಯನನ್ನು ಪ್ರವೇಶಿಸುವ ಬಾಗಿಲುಗಳು. ಇನ್ನು ಶಾಲೆಯ ಶಿಕ್ಷೆಯನ್ನು ನೋಡಬೇಕು. ಗೆಣ್ಣಿನಿಂದ ಮೊಟಕುವುದು ತಲೆಯನ್ನು; ಹಿಂಡುವುದು ಕಿವಿಯನ್ನು; ಬೆತ್ತವು ಬೀಳುವುದು ಅಂಗೈಗೆ. ಯಾವ ಮೂರು ಬಾಗಿಲುಗಳಿಂದ ಅರಿವು ಒಳಕ್ಕೆ ಹೋಗಬೇಕೋ, ಆ ಮೂರು ಬಾಗಿಲುಗಳಲ್ಲಿಯೇ ಭಯವನ್ನು ಕಾವಲಿಗೆ ನಿಲ್ಲಿಸಿದಂತಾಯಿತು. ಬೆತ್ತವನ್ನು ಹಿಡಿದ ಐಗಳಲ್ಲಿ ಎಷ್ಟೋ ಮಂದಿ ಸಾತ್ತ್ವಿಕರು, ಮಕ್ಕಳ ಹಿತವನ್ನೇ ಬಯಸಿದವರು. ಅವರಿಗೂ ಅವರ ಗುರುಗಳಿಂದ ಬೆತ್ತವೇ ಬಂದಿದ್ದಿತು. ಅವರನ್ನು ನಿಂದಿಸುವುದಕ್ಕಾಗಿ ಈ ಮಾತಲ್ಲ. ಆದರೆ ಕೈಯೊಂದೇ, ಅದು ಅನುಗ್ರಹಿಸಲೂ ಬಲ್ಲದು, ಪ್ರಹರಿಸಲೂ ಬಲ್ಲದು ಎಂಬುದನ್ನು ಮರೆಯಕೂಡದೆಂಬುದಕ್ಕಾಗಿ ಈ ಮಾತು.

ಈ ದೋಷದಲ್ಲಿ ಮಠಗಳಿಗೂ ಪಾಠಶಾಲೆಗಳಿಗೂ ಪಾಲುಂಟೆಂಬುದನ್ನು ಮಹೋತ್ಸವದ ಸಂತೋಷದಲ್ಲಿ ಮುಚ್ಚಿಡುವುದು ಸರಿಯಲ್ಲ. ಉಚಿತ ಪ್ರಸಾದನಿಲಯಗಳನ್ನು ತೆರೆದು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಮಠಗಳ ಪುಣ್ಯವು ದೊಡ್ಡದು. 1910ರಲ್ಲಿ ವಿಜಾಪುರದಲ್ಲಿಯೂ 1916ರಲ್ಲಿ ಬೆಳಗಾವಿಯಲ್ಲಿಯೂ ಹುಟ್ಟಿದ ಲಿಂಗಾಯತ ವಿದ್ಯಾಸಂಸ್ಥೆಗಳು ನಾಡಿಗೆ ಮಾಡಿದ ಉಪಕಾರವನ್ನು ಎಲ್ಲರೂ ಬಲ್ಲರು. ಆದರೂ ಪಾಠಶಾಲೆಗಳಲ್ಲಿ ಶಬ್ದಮಂಜರಿಯ ರೂಪಗಳನ್ನು ತಪ್ಪಿದ ವಟುವು ರಾತ್ರಿಯೆಲ್ಲ ನಿದ್ರೆಯಿಲ್ಲದೆ ಮಲಗಿದ್ದೂ ಉಂಟು. ಪಾಠವಿಲ್ಲದ ಪಾಡ್ಯ ಅಷ್ಟಮಿಗಳನ್ನು ಬೆರಳೆಣಿಸಿ ಕಾದದ್ದೂ ಉಂಟು. ಅಂದು ಹಾಗೆ ಕಾದ ವಟುಗಳಲ್ಲಿ ಕೆಲವರು ಇಂದು ಪಂಡಿತರಾಗಿ ಪೀಠದ ಮೇಲೆ ಕುಳಿತು ಪಾಠ ಹೇಳುತ್ತಿದ್ದಾರೆ. ತಂದೆಗೆ ಹೇಳಿದ ಬುದ್ಧಿಯು ಅವರಿಗೂ ಸಲ್ಲತಕ್ಕದ್ದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದು, ತನ್ನ 17ನೆಯ ಕಲಮಿನಿಂದ ಮಗುವಿಗೆ ದೇಹದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ 2012ರ ತಿದ್ದುಪಡಿಯು ವೇದಪಾಠಶಾಲೆಗಳನ್ನೂ ಮದರಸಾಗಳನ್ನೂ ಮುಖ್ಯವಾಗಿ ಧರ್ಮಬೋಧೆಯನ್ನೇ ಕೊಡುವ ಸಂಸ್ಥೆಗಳನ್ನೂ ಆ ಕಾಯಿದೆಯ ಹೊರಗಿರಿಸಿತು. ಒಂದು ಕಾಯಿದೆಯು ತಲುಪದ ಕಡೆಯಲ್ಲಿ ಧರ್ಮವು ತಲುಪಬೇಕಲ್ಲವೆ? ಅಂಜಿಕೆಯಿಂದ ಬೆತ್ತವನ್ನು ಬಿಡುವುದಕ್ಕಿಂತ ಅರಿವಿನಿಂದ ಬಿಡುವುದು ಮಠಕ್ಕೆ ಒಪ್ಪುವ ಮಾತು.

ಇನ್ನು ಔಷಧವು. ಅದು ಕಷ್ಟಸಾಧ್ಯವಲ್ಲ, ಆದರೆ ನಿತ್ಯವೂ ಸೇವಿಸಬೇಕಾದುದು.

ಒಂದನೆಯದಾಗಿ, ತಂದೆತಾಯಿಗಳು ತಮ್ಮ ಶಾಲೆಯ ದಿನಗಳನ್ನು ಏಕಾಂತದಲ್ಲಿ ಸತ್ಯವಾಗಿ ನೆನೆಯಬೇಕು. ಯಾವ ದಿನ, ಯಾವ ಪಾಠ, ಯಾರ ಮುಂದೆ, ಎಂತಹ ನಾಚಿಕೆ ಎಂಬುದನ್ನು ಹೊರಗೆ ತಂದುಕೊಳ್ಳಬೇಕು. ಲಿಂಗಪೂಜೆಯ ಅನಂತರದ ಮೌನವು ಇದಕ್ಕೆ ಒಳ್ಳೆಯ ಕಾಲವು. ಹೆಸರು ಹಿಡಿದು ಕರೆದರೆ ಭೂತವು ಬಿಡುವುದೆಂದು ಹಳ್ಳಿಯವರು ನಂಬುವುದುಂಟು. ಹೊರಗಿನ ಭೂತಗಳ ವಿಷಯವು ಹೇಗಾದರೂ ಇರಲಿ, ಒಳಗಿನ ಭೂತಕ್ಕೆ ಈ ಮಾತು ಸಲ್ಲುತ್ತದೆ.

ಎರಡನೆಯದಾಗಿ, ಆ ಕಥೆಯನ್ನು ಮಗುವಿಗೆ ಹೇಳಬೇಕು. ‘ಹತ್ತು ಮೈಲಿ ನಡೆದು, ಬೀದಿಯ ದೀಪದಲ್ಲಿ ಓದಿದೆ’ ಎಂಬ ಪರಾಕ್ರಮದ ಕಥೆಯನ್ನಲ್ಲ. ‘ನಾನೂ ಏಳರ ಮಗ್ಗಿಯಲ್ಲಿ ತಪ್ಪುತ್ತಿದ್ದೆನು, ಹೆದರುತ್ತಿದ್ದೆನು’ ಎಂಬ ನಿಜವಾದ ಕಥೆಯನ್ನು. ಪರಾಕ್ರಮದ ಕಥೆಯು ಮಗುವನ್ನು ಕುಗ್ಗಿಸುತ್ತದೆ, ನಿಜವಾದ ಕಥೆಯು ಅದಕ್ಕೆ ಜತೆಯನ್ನು ಕೊಡುತ್ತದೆ.

ಮೂರನೆಯದಾಗಿ, ಯಾವ ವಿಷಯಕ್ಕೆ ತಾವೇ ಅಂಜುವರೋ ಆ ವಿಷಯದ ಪಾಠವನ್ನು ಬೇರೆಯವರಿಗೆ ಒಪ್ಪಿಸಬೇಕು. ಅಜ್ಜಿ, ಅಕ್ಕ, ನೆರೆಯ ವಿದ್ಯಾರ್ಥಿ, ಇಲ್ಲವೆ ಮಠದಲ್ಲಿ ಸಂಜೆಯ ಪಾಠವಿದ್ದರೆ ಅಲ್ಲಿಯ ಗುರು, ಯಾರಾದರೂ ಆಗಬಹುದು. ಇದರಲ್ಲಿ ಅವಮಾನವಿಲ್ಲ. ಕೈ ನಡುಗುವ ಕ್ಷೌರಿಕನು ಕತ್ತಿಯನ್ನು ಮಗನ ಕೈಗೆ ಕೊಡುವುದು ವಿವೇಕವಲ್ಲವೆ?

ನಾಲ್ಕನೆಯದಾಗಿ, ಸಂಜೆ ಮಗುವು ಮನೆಗೆ ಬಂದಾಗ ‘ಎಷ್ಟು ಅಂಕ ಬಂದಿತು?’ ಎಂಬ ಪ್ರಶ್ನೆಯನ್ನು ಮೊದಲು ಕೇಳಕೂಡದು. ಊಟವಾಯಿತೆ, ಯಾರೊಡನೆ ಆಡಿದೆ, ಹೊಸದೇನನ್ನು ಕಂಡೆ ಎಂದು ಕೇಳಬೇಕು. ಮನೆಗೆ ಬಂದ ಜಂಗಮರನ್ನು ಮೊದಲು ಕುಳ್ಳಿರಿಸಿ, ನೀರು ಕೊಟ್ಟು, ಅನಂತರ ಬಂದ ಕಾರ್ಯವನ್ನು ಕೇಳುವ ಸಂಪ್ರದಾಯವು ಈ ಮನೆಗಳಲ್ಲಿದೆ. ದಣಿದು ಬಂದ ಮಗುವಿಗೂ ಅಷ್ಟು ಆದರವು ಸಲ್ಲಬೇಡವೆ?

ಐದನೆಯದು ಪರೀಕ್ಷೆಯ ಫಲಿತಾಂಶದ ದಿನದ ವಿಷಯವು. ಇದನ್ನು ಬಹಳ ಎಚ್ಚರದಿಂದ ಕೇಳಬೇಕು. ಭಾರತ ಸರಕಾರದ ಅಪರಾಧ ದಾಖಲೆಗಳ ಸಂಸ್ಥೆಯು ಕೊಟ್ಟ ಲೆಕ್ಕದಂತೆ 2022ನೆಯ ಒಂದೇ ವರುಷದಲ್ಲಿ ಈ ದೇಶದಲ್ಲಿ 13,000ಕ್ಕೂ ಮೇಲ್ಪಟ್ಟು ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಎಲ್ಲವೂ ಪರೀಕ್ಷೆಯ ಕಾರಣದಿಂದ ಆದುವಲ್ಲ; ಒಂದೊಂದು ಸಾವಿಗೂ ಅನೇಕ ಕಾರಣಗಳಿರುವುವು. ಆದರೆ ಅಂಕಪತ್ರವನ್ನು ಹಿಡಿದು ಮನೆಯ ಹೊಸ್ತಿಲ ಹೊರಗೆ ನಿಂತ ಮಗುವಿಗೆ, ಒಳಗೆ ಕಾಣುವ ಮುಖವು ಯಾವುದೆಂಬ ಭಯವೂ ಆ ಕಾರಣಗಳಲ್ಲಿ ಒಂದಾಗಬಲ್ಲದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕರ್ನಾಟಕದಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗೆ ಒಂದೇ ವರುಷದಲ್ಲಿ ಮೂರು ಪರೀಕ್ಷೆಗಳ ಅವಕಾಶವನ್ನು ಕಲ್ಪಿಸಲಾಯಿತು. ಸರಕಾರವೇ ಮತ್ತೆ ಮತ್ತೆ ಬಾಗಿಲು ತೆರೆಯುವಾಗ ತಂದೆಯು ಒಂದೇ ಸಾರಿಗೆ ಬಾಗಿಲು ಮುಚ್ಚುವುದು ಎಂತಹ ಘೋರವು! ಫಲವು ಏನೇ ಆಗಿರಲಿ, ಆ ದಿನ ಮಗುವನ್ನು ಒಂಟಿಯಾಗಿ ಬಿಡಕೂಡದು. ಮನೆಯವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಬೇಕು. ಮಗುವು ಉಣ್ಣದೆ, ಆಡದೆ, ಮಂಕಾಗಿ ಇದ್ದಲ್ಲಿ, ‘ಬದುಕಿ ಏನು ಫಲ’ ಎಂಬಂತಹ ಮಾತನ್ನು ಆಡಿದಲ್ಲಿ, ಅದನ್ನು ಹುಡುಗಾಟವೆಂದು ಬಿಡದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಜ್ವರಕ್ಕೆ ವೈದ್ಯರನ್ನು ಕಾಣಲು ನಾಚದವರು ಇದಕ್ಕೂ ನಾಚಬೇಕಾದುದಿಲ್ಲ.

ಕೊನೆಯದಾಗಿ, ಜೂನ್ ತಿಂಗಳ ಆ ಮನೆಗೆ ಒಂದು ಸಾರಿ ಮರಳಿ ಹೋಗಬಹುದು. ಅದೇ ಮಳೆ, ಅದೇ ರೊಟ್ಟಿಯ ತಟ್ಟೆ, ಅದೇ ಎಂಟು ವರುಷದ ಹುಡುಗನು. ತಂದೆಯು ಮಗ್ಗಿಯನ್ನು ಕೇಳುತ್ತಾನೆ, ಹುಡುಗನು ತಪ್ಪುತ್ತಾನೆ. ತಂದೆಯ ಎದೆಯು ಇಂದೂ ಡವಗುಟ್ಟುತ್ತದೆ. ಏಕೆಂದರೆ ಸಂಸ್ಕಾರವು ಒಂದು ಉಪನ್ಯಾಸವನ್ನು ಕೇಳಿದ ಮಾತ್ರಕ್ಕೆ ಅಳಿಸಿಹೋಗುವುದಿಲ್ಲ. ಕೈಯೂ ಮೇಲೇಳುತ್ತದೆ. ಆದರೆ ಆ ಕ್ಷಣದಲ್ಲಿ ಅವನು ಒಳಗೇ ಅಂದುಕೊಳ್ಳುತ್ತಾನೆ: ‘ಅವನು ಇವನಲ್ಲ. ಬೆಂಚಿನ ಮೇಲೆ ನಿಂತವನು ನಾನು. ಇಲ್ಲಿ ಕುಳಿತವನು ನನ್ನ ಮಗನು.’ ಎದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದುದಿಲ್ಲ. ಅದು ಮೆಲ್ಲನೆ ಮುಂದುವರಿದು ಮಗುವಿನ ತಲೆಯ ಮೇಲೆ ನೆಲೆಸಿದರೆ ಸಾಕು. ‘ಏಳೆಂಟಲಿ ಐವತ್ತಾರು, ಕಂದ, ಸಂಜೆ ಕೂಡಿ ಹೇಳೋಣ’ ಎಂದರೆ ಸಾಕು. ಹಾಗೆ ಮಾಡಿದ ದಿನ ಆ ಮನೆಯಲ್ಲಿ ಬೆಂಚಿನ ಮೇಲೆ ನಿಂತಿದ್ದ ಆ ಹಳೆಯ ಹುಡುಗನೂ, ಇಷ್ಟು ವರುಷಗಳ ಮೇಲೆ, ಕೆಳಕ್ಕಿಳಿದು ಕುಳಿತಾನು.

ಎಲ್ಲ ಮನೆಗಳಲ್ಲಿಯೂ ಗುರುಹಸ್ತವು ಅನುಗ್ರಹದ ಹಸ್ತವಾಗಲಿ. ಮಕ್ಕಳ ಪಾಟಿಯ ಮೇಲೆ ಮಕ್ಕಳದೇ ಅಕ್ಷರಗಳು ಮೂಡಲಿ. ಶ್ರೀಗುರುವಿನ ಕರುಣೆಯು ಸರ್ವರನ್ನೂ ಕಾಯಲಿ.